ಕಿಟಕಿ ಡ್ಯೂಟಿ

ಎಲ್ಲ ರಗಳೆಗೂ ಮೂಲ ಒಂದು ಕೋಟು. ನಾಲ್ಕು ತಿಂಗಳ ಹಿಂದೆ ಯಾರೋ ಗಿರಾಕಿ ಹೋಟೆಲಿನ ಗೂಟಕ್ಕೆ ನೇತುಹಾಕಿ ಮರೆತುಹೋದ ಬೂದುಬಣ್ಣದ ಉಣ್ಣೆಯ ಕೋಟು. ಅದನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ಹೋಟೆಲಿನಲ್ಲಿ ದುಡಿಯುವ ಹನ್ನೊಂದು ಜನರೂ ಸರದಿಯ ಮೇಲೆ ತೊಟ್ಟು ನೋಡಿದರು. ಅಡುಗೆಯಣ್ಣನಿಗೆ ಹೊಟ್ಟೆಯ ಹತ್ತಿರ ಗುಂಡಿ ಕೂಡಲಿಲ್ಲ. ಸಪ್ಲೈಯರುಗಳಿಗೆ ತೋಳು ಉದ್ದವಾಯಿತು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತದ್ದು ಒಬ್ಬನಿಗೆ ಮಾತ್ರ. ಅವನು ಹಿಂದಿನ ಕೋಣೆಯ ತೊಟ್ಟಿಯ ಮುಂದೆ ದಿನಕ್ಕೆ ಹತ್ತು ಗಂಟೆ ನಿಂತು ತಟ್ಟೆ ತೊಳೆಯುವವನು.

ಎರಡೂ ಕೈ ಮೊಣಕೈವರೆಗೆ ಸದಾ ಸೋಪಿನ ನೊರೆಯಲ್ಲೇ ಇರುತ್ತಿದ್ದುದರಿಂದ ಎಲ್ಲರೂ ಅವನನ್ನು ನೊರೆಯಣ್ಣ ಎನ್ನುತ್ತಿದ್ದರು. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು. ಕೋಟು ತೊಟ್ಟ ನೊರೆಯಣ್ಣನನ್ನು ನೋಡಿ ಅಂದು ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಮಾಲೀಕರು ಮಾತ್ರ ನಗಲಿಲ್ಲ. ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ ಮನಸ್ಸಿನಲ್ಲಿ ಏನೋ ಗುರುತು ಹಾಕಿಕೊಂಡಿದ್ದರು.

ಆ ಹೋಟೆಲಿಗೆ ಬೀದಿಯ ಕಡೆ ಒಂದು ದೊಡ್ಡ ಗಾಜಿನ ಕಿಟಕಿ. ಖಾಲಿ ಹೋಟೆಲಿಗೆ ಯಾರೂ ಕಾಲಿಡುವುದಿಲ್ಲ, ಒಬ್ಬ ಉಣ್ಣುವುದು ಕಂಡರೆ ಹತ್ತು ಜನಕ್ಕೆ ಹಸಿವಾಗುತ್ತದೆ ಎಂಬುದು ಮಾಲೀಕರ ಸಿದ್ಧಾಂತ. ಆದ್ದರಿಂದ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೆಲಸದವರಲ್ಲೇ ಒಬ್ಬರು ಒಳ್ಳೆಯ ಬಟ್ಟೆ ತೊಟ್ಟು, ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಉಣ್ಣಬೇಕು. ಒಳಗಿನವರು ಇದನ್ನು ಕಿಟಕಿ ಡ್ಯೂಟಿ ಎನ್ನುತ್ತಿದ್ದರು. ಉಣ್ಣುವುದೆಂದರೆ ಹೊಟ್ಟೆ ತುಂಬ ಉಣ್ಣುವುದಲ್ಲ. ತಟ್ಟೆಯಲ್ಲಿ ಎರಡು ಬೇಯಿಸಿದ ಆಲೂಗಡ್ಡೆ, ಒಂದು ದೊಡ್ಡ ತುಂಡು ಮೀನು. ಮೀನನ್ನು ಮುಟ್ಟುವಂತಿಲ್ಲ, ಅದು ನೋಡುವುದಕ್ಕೆ. ಎರಡು ಆಲೂಗಡ್ಡೆ ಮಧ್ಯಾಹ್ನದಿಂದ ಸಂಜೆಯವರೆಗೆ ಬರಬೇಕು. ಬಟ್ಟಲಿನಲ್ಲಿ ಸೂಪಿನ ಬಣ್ಣದ ಬಿಸಿನೀರು. ಗಡಿಯಾರ ನೋಡಬಾರದು, ಆಕಳಿಸಬಾರದು, ಆಗಾಗ ಬೀದಿಯ ಕಡೆ ತಿರುಗಿ ತೃಪ್ತಿಯಿಂದ ನಗಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ ಎಂದು ಅಡುಗೆಯಣ್ಣ ಒಲೆಯ ಮುಂದೆ ಗೊಣಗುತ್ತಿದ್ದ.

ಈ ಡ್ಯೂಟಿಗೆ ಯಾವಾಗಲೂ ಕೂರುತ್ತಿದ್ದವನು ಸಪ್ಲೈಯರುಗಳಲ್ಲಿ ಹಿರಿಯನಾದ ಮೀಸೆ ಮಾವ. ಜೇಬಿನಲ್ಲಿ ಕಾಸಿಲ್ಲದಿದ್ದರೂ ಅವನ ಮೀಸೆಗೆ ಮೂರು ತಲೆಮಾರಿನ ಸಿರಿವಂತಿಕೆಯ ಕಳೆ ಇತ್ತು. ಆದರೆ ಆ ದಿನ ಬೆಳಿಗ್ಗೆ ಅವನು ಹಲ್ಲುನೋವಿನಿಂದ ಒಂದು ಕೆನ್ನೆಯನ್ನು ಬನ್ನಿನಷ್ಟು ಊದಿಸಿಕೊಂಡು ಬಂದ. ಈ ಮುಖ ಕಿಟಕಿಯಲ್ಲಿ ಕೂತರೆ ನಮ್ಮ ಊಟ ತಿಂದೇ ಹೀಗಾಯಿತು ಎನ್ನುತ್ತಾರೆ ಎಂದು ಮಾಲೀಕರು ತಲೆಯ ಮೇಲೆ ಕೈ ಹೊತ್ತರು. ಅವರ ಕಣ್ಣು ಗೂಟದ ಮೇಲಿನ ಕೋಟಿಗೆ ಹೋಯಿತು. ಕೋಟಿನಿಂದ ನೇರವಾಗಿ ಹಿಂದಿನ ಕೋಣೆಗೆ ಹೋಯಿತು.

ಬೇರೆ ಯಾವ ದಿನವಾಗಿದ್ದರೂ ನೊರೆಯಣ್ಣ ಕುಣಿದು ಒಪ್ಪಿಕೊಳ್ಳುತ್ತಿದ್ದ. ಹೋಟೆಲಿಗೆ ಸೇರಿ ಏಳು ವರ್ಷವಾಗಿತ್ತು, ಅಲ್ಲಿನ ಒಂದು ಕುರ್ಚಿಯ ಮೆತ್ತನೆಯೂ ಅವನಿಗೆ ಗೊತ್ತಿರಲಿಲ್ಲ. ಆದರೆ ಆ ದಿನ ಅವನು ತೊಟ್ಟಿಯ ಮುಂದೆಯೇ ಇರಬೇಕಾಗಿತ್ತು. ಅದಕ್ಕೆಂದೇ ಮನೆಯಲ್ಲಿದ್ದ ಮೂರು ಅಂಗಿಗಳಲ್ಲಿ ಹೆಚ್ಚು ಹರಿದದ್ದನ್ನು ಹುಡುಕಿ ಹಾಕಿಕೊಂಡು ಬಂದಿದ್ದ.

ವಿಷಯ ಹೀಗೆ. ಅವನ ಮನೆಯಿಂದ ಎರಡು ಬೀದಿ ಆಚೆ ಒಂದು ಒಳ್ಳೆಯ ಶಾಲೆ ಇತ್ತು. ಅಲ್ಲಿ ವರ್ಷಕ್ಕೊಮ್ಮೆ, ನಿಜವಾಗಿ ಕಷ್ಟದಲ್ಲಿರುವ ಒಂದೇ ಒಂದು ಮನೆಯ ಮಗುವಿಗೆ ಉಚಿತ ಸೀಟು ಕೊಡುತ್ತಿದ್ದರು. ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಎಲ್ಲ ಸೇರಿ, ಓದು ಮುಗಿಯುವವರೆಗೆ. ನೊರೆಯಣ್ಣನ ಮಗಳಿಗೆ ಆರು ವರ್ಷ. ಬ್ರೆಡ್ಡು ಸುತ್ತಿಕೊಂಡು ಬಂದ ಹಳೆಯ ಪತ್ರಿಕೆಯನ್ನು ಬ್ರೆಡ್ಡಿಗಿಂತ ಮೊದಲು ಕಸಿದುಕೊಂಡು ಓದುವ ಮಗು. ಹೆಂಡತಿ ಹೋಟೆಲುಗಳಿಗೆ ಈರುಳ್ಳಿ ಸುಲಿದುಕೊಡುತ್ತಿದ್ದಳು, ದಿನಕ್ಕೆ ಒಂದು ಮೂಟೆ. ಗಂಡ ಹೆಂಡತಿ ಇಬ್ಬರೂ ಇಷ್ಟು ದುಡಿದರೂ ಅವರ ಮನೆಗೆ ತಿಂಗಳ ಕೊನೆ ಎಂಬುದು ಇಪ್ಪತ್ತನೆಯ ತಾರೀಕಿಗೇ ಬಂದು ಬಾಗಿಲು ತಟ್ಟುತ್ತಿತ್ತು. ಆ ಸೀಟು ಸಿಕ್ಕರೆ ಮಗಳು ಓದುತ್ತಾಳೆ, ಸಿಗದಿದ್ದರೆ ತಾಯಿಯ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿಕೊಂಡು ಈರುಳ್ಳಿ ಸುಲಿಯುತ್ತಾಳೆ. ನಡುವೆ ಮೂರನೆಯ ದಾರಿ ಇರಲಿಲ್ಲ.

ಸೀಟು ಯಾರಿಗೆ ಎಂದು ನಿರ್ಧರಿಸುವವರು ಆ ಶಾಲೆಯ ದೊಡ್ಡ ಮೇಡಂ. ಅವರು ಕಾಗದ ಪತ್ರ ನಂಬುವವರಲ್ಲ. ಬಿಸಿಲಿರಲಿ ಮೋಡವಿರಲಿ, ಒಂದು ಕಪ್ಪು ಕೊಡೆ ಬಿಡಿಸಿಕೊಂಡು ಅರ್ಜಿ ಹಾಕಿದವರ ಮನೆಗೆ, ಕೆಲಸದ ಜಾಗಕ್ಕೆ ಹೇಳದೆ ಕೇಳದೆ ಹೋಗಿ ಕಣ್ಣಾರೆ ನೋಡುತ್ತಿದ್ದರು. ಹಿಂದಿನ ದಿನ ನೊರೆಯಣ್ಣನ ಮನೆಗೆ ಬಂದು, ಅಡುಗೆ ಮೂಲೆಯ ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ನೋಡಿ, ಒಂದೊಂದರೊಳಗೂ ಗಾಳಿಯೇ ಇದ್ದುದನ್ನು ಕಂಡು ಬಹಳ ಸಂತೋಷಪಟ್ಟಿದ್ದರು. ಮುಕ್ಕಾಲು ಸೀಟು ನಿಮ್ಮದೇ, ನಾಳೆ ನಿಮ್ಮ ಮನೆಯವರು ಕೆಲಸ ಮಾಡುವ ಜಾಗ ನೋಡಿಬಿಟ್ಟರೆ ಆಯಿತು, ಸಂಜೆ ಐದಕ್ಕೆ ಹೆಸರು ಹೇಳುತ್ತೇನೆ ಎಂದು ಹೆಂಡತಿಯ ಹತ್ತಿರ ಹೇಳಿಹೋಗಿದ್ದರು.

ನೊರೆಯಣ್ಣ ಇದನ್ನೆಲ್ಲ ಮಾಲೀಕರ ಮುಂದೆ ಕೈಕಟ್ಟಿಕೊಂಡು ಒಂದೂ ಬಿಡದೆ ಒಪ್ಪಿಸಿದ. ಇವತ್ತೊಂದು ದಿನ ತೊಟ್ಟಿಯ ಮುಂದೆಯೇ ಬಿಟ್ಟುಬಿಡಿ ಎಂದು ಬೇಡಿಕೊಂಡ. ಮಾಲೀಕರು ಬೇಸರಪಡದೆ ಕೇಳಿದರು. ಎಷ್ಟು ಬೇಸರಪಡಲಿಲ್ಲವೆಂದರೆ, ನಡುನಡುವೆ ತಾವೇ ಪ್ರಶ್ನೆ ಕೇಳಿದರು. ಒಂದೇ ಸೀಟೋ? ಓದು ಮುಗಿಯೋ ತನಕವೋ? ಮಧ್ಯಾಹ್ನದ ಊಟವೂ ಸೇರಿಯೋ?

"ಮತ್ತೆ ಆಯಮ್ಮ ನಂಬೋದು ಹೇಗೆ?" ಎಂದರು.

"ಕಣ್ಣಾರೆ ಕಂಡ್ರೆ ಮಾತ್ರ ನಂಬ್ತಾರೆ ಸಾರ್. ಸುಳ್ಳು ಹೇಳಿದ್ರೆ ಆಗೋದಿಲ್ಲ. ತಾವಾಗೇ ಹೋಗಿ, ಮಾನ ಬಿಟ್ಟು, ಇದ್ದದ್ದು ಇದ್ದ ಹಾಗೆ ಹೇಳ್ಕೊಂಡ್ರೆ ಕರಗಿ ನೀರಾಗ್ತಾರಂತೆ."

ಮಾಲೀಕರು ಗಲ್ಲ ತುರಿಸಿಕೊಂಡರು. ಅವರಿಗೂ ಅದೇ ವಯಸ್ಸಿನ ಒಬ್ಬ ಮಗಳಿದ್ದಳು. ಆ ಮಗುವಿಗೆ ಚಿಕ್ಕದಾದ ಫ್ರಾಕು, ಷೂಗಳೇ ನೊರೆಯಣ್ಣನ ಮಗಳಿಗೆ ಬರುತ್ತಿದ್ದವು. ಹೆಣ್ಣು ಮಗುವಿನ ತಂದೆ, ಕಷ್ಟ ಅರ್ಥವಾಗದೆ ಇರುತ್ತದೆಯೇ ಎಂದು ನೊರೆಯಣ್ಣ ಆಸೆಯಿಂದ ಅವರ ಮುಖ ನೋಡಿದ.

"ನಿನ್ನ ಮೇಡಂ ಹತ್ರ ನಾನೇ ಮಾತಾಡ್ತೀನಿ, ಚಿಂತೆ ಬಿಡು," ಎಂದರು ಮಾಲೀಕರು. "ಈಗ ಕೋಟು ಹಾಕ್ಕೋ. ಒಂದು ಮಾತು ಮಾತ್ರ ನೆನಪಿಟ್ಕೋ. ಕಿಟಕಿ ಗುಟ್ಟು ಹೊರಗೆ ಹೋದ್ರೆ ಹೋಟ್ಲು ಮುಚ್ಚಿದ ಹಾಗೇ. ಹನ್ನೊಂದು ಮನೆ ಒಲೆ ಆರಿಹೋಗುತ್ತೆ. ಯಾರೇ ಕೇಳ್ಲಿ, ನೀನು ಗಿರಾಕಿ. ಹೆಂಡ್ತಿ ಕೇಳಿದ್ರೂ ಗಿರಾಕಿ."

ನೊರೆಯಣ್ಣ ಅವರ ಅಂಗೈ ಮೇಲೆ ತನ್ನ ಒದ್ದೆ ಕೈ ಇಟ್ಟು ಆಣೆ ಮಾಡಿದ.

ಹನ್ನೆರಡಕ್ಕೆ ಸರಿಯಾಗಿ ಮಾಲೀಕರು ತಮ್ಮ ಗರಿಗರಿ ಅಂಗಿ ಕಳಚಿಟ್ಟು, ಅಡುಗೆಯಣ್ಣನ ಎಣ್ಣೆ ಕಲೆಯ ಅಂಗಿ ಕೇಳಿ ಪಡೆದು ತೊಟ್ಟರು. ಬ್ಯಾಂಕಿಗೆ ಹೋಗುವಾಗ ಒಳ್ಳೆಯ ಬಟ್ಟೆ ಹಾಕಬಾರದು ಎಂದು ಕಾರಣ ಹೇಳಿದರು. ತಾವು ಬರುವವರೆಗೆ ಕುರ್ಚಿ ಬಿಟ್ಟು ಏಳಕೂಡದು ಎಂದು ನೊರೆಯಣ್ಣನಿಗೆ ಇನ್ನೊಮ್ಮೆ ತಾಕೀತು ಮಾಡಿ ಹೊರಟುಹೋದರು.

ಕೂರುವುದು ಇಷ್ಟು ಕಷ್ಟದ ಕೆಲಸ ಎಂದು ನೊರೆಯಣ್ಣ ಕನಸಿನಲ್ಲೂ ಎಣಿಸಿರಲಿಲ್ಲ. ಮುಳ್ಳುಚಮಚವನ್ನು ಅವನಿಗೆ ತೊಳೆದು ಗೊತ್ತೇ ಹೊರತು ಹಿಡಿದು ಗೊತ್ತಿರಲಿಲ್ಲ. ಅದರ ಯಾವ ಸಂದಿನಲ್ಲಿ ಜಿಡ್ಡು ಕೂರುತ್ತದೆ ಎಂದು ಕೇಳಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದ. ಈಗ ಆ ಸಂದನ್ನೇ ನೋಡುತ್ತ, ಕರವಸ್ತ್ರದಿಂದ ಉಜ್ಜತೊಡಗಿದ. ತಟ್ಟೆಯ ಅಂಚಿನಲ್ಲಿ ಒಂದು ಕಲೆ ಕಂಡಿತು. ಅದನ್ನೂ ಉಜ್ಜಿದ. ಮೊದಲ ಆಲೂಗಡ್ಡೆಯ ಅರ್ಧ ಮುಗಿಯುತ್ತಲೇ ಅಭ್ಯಾಸಬಲದಿಂದ ತಟ್ಟೆ ಎತ್ತಿಕೊಂಡು ಹಿಂದಿನ ಕೋಣೆಗೆ ಹೊರಟೇಬಿಟ್ಟ. ಊದಿದ ಕೆನ್ನೆಯ ಮೀಸೆ ಮಾವ ಅಡ್ಡ ಬಂದು, ನೋವಿನ ಬಾಯಿಯಲ್ಲೇ ಏನೇನೋ ಬೈದು, ಹೆಗಲು ಹಿಡಿದು ವಾಪಸು ಕೂರಿಸಿದ.

ಮೊದಲು ಅವನನ್ನು ಕಂಡವಳು ದರ್ಜಿ ಅಕ್ಕ. ನೊರೆಯಣ್ಣನ ಪಕ್ಕದ ಮನೆಯವಳು. ಅವಳ ಹೊಲಿಗೆ ಯಂತ್ರ ಆಗಾಗ ನಿಲ್ಲುತ್ತಿತ್ತು, ಬಾಯಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಗುಂಡಿ ಕೊಳ್ಳಲು ಹೊರಟವಳು ಕಿಟಕಿಯ ಮುಂದೆ ಗಕ್ಕನೆ ನಿಂತಳು. ಗಾಜಿಗೆ ಮೂಗು ಒತ್ತಿ, ಕಣ್ಣಲ್ಲೇ ಕೋಟಿನ ಭುಜ, ಎದೆ, ತೋಳಿನ ಅಳತೆ ತೆಗೆದಳು. ಮೀನನ್ನು ನೋಡಿದಳು. ನೊರೆಯಣ್ಣನಿಗೆ ಏನು ಮಾಡಬೇಕೋ ತೋಚದೆ, ಹೇಳಿಕೊಟ್ಟ ಪಾಠದಂತೆ ತೃಪ್ತಿಯಿಂದ ನಕ್ಕ. ಅವಳು ಗುಂಡಿ ಕೊಳ್ಳುವುದನ್ನು ಮರೆತು, ಬಂದ ದಾರಿಯಲ್ಲೇ ಓಡಿದಳು.

ಅರ್ಧ ಗಂಟೆಯಲ್ಲಿ ಕಿಟಕಿಯ ಹೊರಗೆ ಕೇರಿಗೆ ಕೇರಿಯೇ ನಿಂತಿತ್ತು. ಕ್ಷೌರದವನು ಕತ್ತರಿ ಹಿಡಿದುಕೊಂಡೇ ಬಂದಿದ್ದ, ಅವನ ಹಿಂದೆ ಅರ್ಧ ಕ್ಷೌರವಾದ ತಲೆಯೊಂದು ಬಂದಿತ್ತು. ಲಾಟರಿ ಹೊಡೆದಿದೆ ಎಂದು ಒಬ್ಬ, ತೊಟ್ಟಿಯಲ್ಲಿ ಯಾರದೋ ವಜ್ರದ ಉಂಗುರ ಸಿಕ್ಕಿದೆ ಎಂದು ಇನ್ನೊಬ್ಬ. ಮೊನ್ನೆ ತಾನೇ ನನ್ನ ಹತ್ತಿರ ಅರ್ಧ ಸೋಪು ಕೇಳಿ ಪಡೆದನಲ್ಲ ಎಂದು ಇಸ್ತ್ರಿಯವನು ಹಲ್ಲು ಕಡಿದ. ಇಷ್ಟು ಜನರಲ್ಲಿ ಒಬ್ಬನೂ ಒಳಗೆ ಬಂದು ಒಂದು ಲೋಟ ಚಹಾ ಕೇಳಲಿಲ್ಲ. ಒಬ್ಬ ಉಂಡರೆ ಹತ್ತು ಜನಕ್ಕೆ ಹಸಿವಾಗುತ್ತದೆ ಎಂದಿದ್ದರು ಮಾಲೀಕರು. ಒಬ್ಬ ಉಂಡರೆ ಹತ್ತು ಜನಕ್ಕೆ ಹೊಟ್ಟೆ ಉರಿಯುತ್ತದೆ ಎಂಬುದು ಅವರ ಸಿದ್ಧಾಂತದಲ್ಲಿ ಸೇರಿರಲಿಲ್ಲ.

ಒಳಗೆ ಬಂದವನು ಒಬ್ಬನೇ, ನೊರೆಯಣ್ಣನ ಬಾಮೈದ. ಹೆಂಡತಿಯ ತಮ್ಮ. ಎಲ್ಲಿಯೂ ಹೆಚ್ಚು ದಿನ ಕೆಲಸ ಮಾಡದೆ ಇದ್ದುದರಿಂದ ಯಾವಾಗಲೂ ಬಿಡುವಾಗಿರುತ್ತಿದ್ದ. ಎದುರಿನ ಕುರ್ಚಿ ಎಳೆದುಕೊಂಡು ಕೂತು, ಭಾವನನ್ನು ಹೆಮ್ಮೆಯಿಂದ ನೋಡಿದ.

"ಭಾವ, ನೀವು ಒಂದಲ್ಲ ಒಂದು ದಿನ ಮೇಲೆ ಬರ್ತೀರಿ ಅಂತ ಅಕ್ಕನ ಮದ್ವೆ ದಿನಾನೇ ಹೇಳಿದ್ದೆ. ಯಾರೂ ನಂಬಿರ್ಲಿಲ್ಲ."

"ಎದ್ದು ಮನೆಗೆ ಹೋಗೋ," ಎಂದ ನೊರೆಯಣ್ಣ ತುಟಿ ಅಲುಗಿಸದೆ, ನಗುತ್ತಲೇ.

"ಹೋಗ್ತೀನಿ, ಊಟ ಆದ್ಮೇಲೆ," ಎಂದ ಬಾಮೈದ. ನೊರೆಯಣ್ಣ ಕೈ ಅಡ್ಡ ಇಡುವಷ್ಟರಲ್ಲಿ, ನೋಡುವುದಕ್ಕೆಂದೇ ಇಟ್ಟಿದ್ದ ಮೀನು ಅವನ ಬಾಯಿ ಸೇರಿ, ಮುಳ್ಳು ಮಾತ್ರ ತಟ್ಟೆಗೆ ಮರಳಿ ಬಂತು. ಆಮೇಲೆ ಅವನು ಸೂಪು ಕೇಳಿದ, ಹುರಿದ ಕೋಳಿ ಕೇಳಿದ, ಕೋಳಿಯ ಜೊತೆಗೆ ಬ್ರೆಡ್ಡು ಕೇಳಿದ, ಬ್ರೆಡ್ಡಿನ ಜೊತೆಗೆ ಬೆಣ್ಣೆ ಕೇಳಿದ. ಬಿಲ್ಲು ಭಾವನಿಗೆ ಎಂದು ಮೀಸೆ ಮಾವನಿಗೆ ಕಣ್ಸನ್ನೆ ಮಾಡಿದ. ಗಿರಾಕಿಯ ಹತ್ತಿರ ದುಡ್ಡಿಲ್ಲ ಎನ್ನುವ ಹಾಗಿಲ್ಲ, ಇವನು ಗಿರಾಕಿಯೇ ಅಲ್ಲ ಎನ್ನುವ ಹಾಗೂ ಇಲ್ಲ. ನೊರೆಯಣ್ಣನಿಗೆ ಬಾಯಿಯಲ್ಲಿದ್ದ ಆಲೂಗಡ್ಡೆಯನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಬಾಮೈದ ಬೆರಳು ನೆಕ್ಕಿ, ತೇಗಿ, ಭಾವನ ಭುಜ ತಟ್ಟಿ ಹೊರಗೆ ಹೋಗಿ, ಕಾದಿದ್ದ ಜನಕ್ಕೆ ಕೋಳಿ ಚೆನ್ನಾಗಿದೆ ಎಂದು ತೀರ್ಪು ಕೊಟ್ಟ.

ಅವನ ಬೆನ್ನಿಗೇ ಹೆಂಡತಿ ಬಂದಳು. ದರ್ಜಿ ಅಕ್ಕ ಹೇಳಿದ್ದನ್ನು ಅವಳು ಮೊದಲು ನಂಬಿರಲಿಲ್ಲ. ಸೆರಗಿನ ತುಂಬ ಈರುಳ್ಳಿ ಸಿಪ್ಪೆ ಹಾಗೇ ಅಂಟಿಕೊಂಡಿತ್ತು. ಮೇಜಿನ ಪಕ್ಕ ನಿಂತು ಕೋಟು ನೋಡಿದಳು, ಮೀನಿನ ಮುಳ್ಳು ನೋಡಿದಳು, ಕೋಳಿಯ ಮೂಳೆ ನೋಡಿದಳು. ಕೂಗಾಡಿದ್ದರೆ ನೊರೆಯಣ್ಣ ತಾಳಿಕೊಳ್ಳುತ್ತಿದ್ದ. ಅವಳು ಮೆಲ್ಲಗೆ ಮಾತಾಡಿದಳು.

"ಬೆಳಿಗ್ಗೆ ನಾನೂ ಮಗಳೂ ನಿನ್ನೆಯ ಬ್ರೆಡ್ಡು ನೀರಿಗೆ ಅದ್ದಿಕೊಂಡು ತಿಂದ್ವಿ. ನಿಮಗೆ ಅಂತ ದೊಡ್ಡ ಚೂರು ಎತ್ತಿಟ್ಟಿದ್ದೆ."

ನೊರೆಯಣ್ಣ ಬಾಯಿ ತೆರೆದ. ಅಡುಗೆ ಕೋಣೆಯ ಬಾಗಿಲಿನ ಸಂದಿಯಲ್ಲಿ ಅಡುಗೆಯಣ್ಣ, ಮೀಸೆ ಮಾವ, ಇನ್ನೂ ನಾಲ್ಕಾರು ಮುಖ ಒಂದರ ಮೇಲೊಂದು ಕಂಡವು. ಹನ್ನೊಂದು ಮನೆಯ ಒಲೆ ಕಂಡವು. ಬಾಯಿ ಮುಚ್ಚಿಕೊಂಡ.

"ತಿನ್ನಿ. ಹೊಟ್ಟೆ ತುಂಬ ತಿನ್ನಿ, ನೊರೆಯಣ್ಣ," ಎಂದು ಹೆಂಡತಿ ಹೊರಟುಹೋದಳು. ಆ ಹೆಸರು ಅವಳ ಬಾಯಲ್ಲಿ ಎಷ್ಟೋ ಸಲ ಕೇಳಿದ್ದ. ಆ ದಿನದಷ್ಟು ಅದು ಯಾವತ್ತೂ ನೋಯಿಸಿರಲಿಲ್ಲ.

ಅವಳ ಬೆನ್ನನ್ನೇ ನೋಡುತ್ತ ಕೂತಿದ್ದ. ಜನ ಬೇಸತ್ತು ಕರಗುತ್ತಿದ್ದರು. ಆಗ ಅವರ ತಲೆಗಳ ಮೇಲೆ, ಸುಡುಬಿಸಿಲಿನಲ್ಲಿ, ಒಂದು ಕಪ್ಪು ಕೊಡೆ ನಿಧಾನವಾಗಿ ತೇಲಿಬಂತು.

ನೊರೆಯಣ್ಣ ಬಾಗಿಲ ಕಡೆ ನೋಡಿದ. ಮಾಲೀಕರು ಬಂದಿರಲಿಲ್ಲ. ಮಾತಾಡುತ್ತೇನೆ ಎಂದವರು ಬ್ಯಾಂಕಿನಲ್ಲಿ ಕೂತಿದ್ದರು. ಏಳೋಣವೆಂದರೆ ಆಣೆ, ಕೂರೋಣವೆಂದರೆ ಮೇಡಂ. ಮೆನು ಕಾರ್ಡು ಎತ್ತಿ ಮುಖಕ್ಕೆ ಹಿಡಿದ. ಅದು ತಲೆಕೆಳಗಾಗಿತ್ತು. ಕಾರ್ಡಿನ ಮೇಲಿನಿಂದ ಇಣುಕಿದರೆ, ಕೊಡೆ ಸರಿಯಾಗಿ ಕಿಟಕಿಯ ಮುಂದೆ ನಿಂತಿದೆ, ಅದರ ಕೆಳಗೆ ದಪ್ಪ ಕನ್ನಡಕ ಅವನನ್ನೇ ನೋಡುತ್ತಿದೆ. ಕಾರ್ಡು ಕೈಜಾರಿ ಬಿತ್ತು. ನಗುವುದಕ್ಕೆ ಪ್ರಯತ್ನಿಸಿದ, ಆಗಲಿಲ್ಲ. ಬಾಯಲ್ಲಿ ಕೊನೆಯ ಆಲೂಗಡ್ಡೆಯ ಕೊನೆಯ ಚೂರು. ಮೈಮೇಲೆ ಇನ್ನೊಬ್ಬರ ಕೋಟು. ಇಂಥ ತಂದೆಯ ಮಗಳಿಗೆ ಯಾರು ಪುಕ್ಕಟೆ ಪುಸ್ತಕ ಕೊಡುತ್ತಾರೆ? ಆ ಮಗು ಪತ್ರಿಕೆ ಓದುವಾಗ ಅಕ್ಷರದ ಕೆಳಗೆ ಓಡಿಸುವ ಪುಟ್ಟ ಬೆರಳು ನೆನಪಾಯಿತು. ಕಣ್ಣಿಂದ ದಳದಳನೆ ನೀರು ಇಳಿದು ಸೂಪಿನ ಬಟ್ಟಲಿಗೆ ಬಿತ್ತು. ಆ ಬಿಸಿನೀರಿಗೆ ಅಂದು ಮೊದಲ ಬಾರಿಗೆ ಉಪ್ಪು ಸೇರಿತು.

ದೊಡ್ಡ ಮೇಡಂ ಬಹಳ ಹೊತ್ತು ನೋಡಿದರು. ಚೀಲದಿಂದ ಪುಸ್ತಕ ತೆಗೆದು ಏನೋ ಬರೆದುಕೊಂಡರು. ತಲೆ ಅಲ್ಲಾಡಿಸಿದರು. ಒಳಗೆ ಬರದೆ, ಕೊಡೆ ಸರಿಪಡಿಸಿಕೊಂಡು ಹೊರಟುಹೋದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನೊರೆಯಣ್ಣ ಎಷ್ಟು ಹೊತ್ತು ಕೂತಿದ್ದನೋ, ಎದುರಿನ ಗಡಿಯಾರ ನಾಲ್ಕೂಮುಕ್ಕಾಲು ತೋರಿಸುತ್ತಿತ್ತು. ಗಡಿಯಾರ ನೋಡಬಾರದು ಎಂಬ ನಿಯಮ ಮುರಿದ ಮೇಲೆ ಉಳಿದ ನಿಯಮಗಳನ್ನು ಮುರಿಯುವುದು ಅಷ್ಟು ಕಷ್ಟವಾಗಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ, ಕೊರಳಿಗೆ ಸಿಕ್ಕಿಸಿದ್ದ ಕರವಸ್ತ್ರದ ಸಮೇತ ಬೀದಿಗೆ ಹಾರಿದ. ಒಬ್ಬ ಹೊಸ ಸಪ್ಲೈಯರ್ ಅಭ್ಯಾಸದಂತೆ, ಬಿಲ್ಲು ಕೊಡದೆ ಓಡ್ತಿದ್ದಾನೆ ಎಂದು ಕೂಗಿದ. ಕ್ಷೌರದವನು ಅದನ್ನು ಕೇಳಿ ತನ್ನ ಅಂಗಡಿಯಲ್ಲಿ ಇನ್ನೊಂದು ಕತೆ ಆರಂಭಿಸಿದ.

ದಾರಿಯುದ್ದಕ್ಕೂ ನೊರೆಯಣ್ಣನ ಒಳಗೆ ಜಗಳ. ಬಾಯಿ ಬಿಟ್ಟರೆ ಹನ್ನೊಂದು ಮನೆ ಬೀದಿಗೆ ಬೀಳುತ್ತವೆ, ಅದರಲ್ಲಿ ತನ್ನದೂ ಒಂದು. ಬಿಡದಿದ್ದರೆ ಮಗಳು ಮಣೆಯ ಮೇಲೆ ಕೂರುತ್ತಾಳೆ. ಅಡುಗೆಯಣ್ಣನ ಮೂವರು ಮಕ್ಕಳು, ಮೀಸೆ ಮಾವನ ಮುದಿ ತಾಯಿ, ಹಲ್ಲು ಕೀಳಿಸಲು ಅವನು ಕೂಡಿಡುತ್ತಿರುವ ಪುಡಿಗಾಸು, ಎಲ್ಲ ಕಣ್ಣ ಮುಂದೆ ಬಂದವು. ಶಾಲೆಯ ಗೇಟಿನ ಹತ್ತಿರ, ಹಾದುಹೋಗುವಾಗಲೆಲ್ಲ ಮಗಳು ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತಿದ್ದ ಜಾಗ ಬಂತು. ಅಲ್ಲಿ ತೀರ್ಮಾನವಾಗಿಹೋಯಿತು. ಮಾತು ಆಡಿದರೆ ಹೋಯಿತು, ಹೋಗಲಿ, ಆಡಿಯೇ ಬಿಡುತ್ತೇನೆ ಎಂದುಕೊಂಡ.

ಒಳಗಿನ ಓಣಿಯಲ್ಲಿ ಏಳೆಂಟು ಮಂದಿ ತಂದೆತಾಯಂದಿರು ತಮ್ಮ ತಮ್ಮ ಹರಿದ ಬಟ್ಟೆಗಳಲ್ಲಿ ಸಾಲಾಗಿ ಕೂತಿದ್ದರು. ಕೋಟು ಕಂಡದ್ದೇ ಎಲ್ಲರೂ ಎದ್ದು ನಿಂತರು. ಶಾಲೆಯ ಆಡಳಿತದ ದೊಡ್ಡ ಮನುಷ್ಯರೇ ಬಂದರು ಎಂದುಕೊಂಡು ಒಬ್ಬ ಮುದುಕ ಕುರ್ಚಿ ಒರೆಸಿಕೊಟ್ಟ. ಒಬ್ಬಾಕೆ ತನ್ನ ಮಗನ ಬಗ್ಗೆ ಒಂದು ಮಾತು ಹೇಳಿ ಸಾರ್ ಎಂದು ಕೈಮುಗಿದಳು. ನೊರೆಯಣ್ಣನೂ ಗಾಬರಿಯಲ್ಲಿ ಅವಳಿಗೆ ಕೈಮುಗಿದು, ಕೋಣೆಯ ಬಾಗಿಲು ನೂಕಿದ.

ದೊಡ್ಡ ಮೇಡಂ ಒಬ್ಬರೇ ಇದ್ದರು. ಕಪ್ಪು ಕೊಡೆ ಮೇಜಿಗೆ ಒರಗಿ ನಿಂತಿತ್ತು.

"ಮೇಡಂ, ನಾನು ಗಿರಾಕಿ ಅಲ್ಲ," ಎಂದುಬಿಟ್ಟ ಉಸಿರು ಎಳೆದುಕೊಳ್ಳದೆ. ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲವೂ ಹೊರಬಂತು. ಕೋಟು ತನ್ನದಲ್ಲ, ಸೂಪು ಸೂಪಲ್ಲ, ಮೀನು ತಾನು ತಿಂದದ್ದಲ್ಲ. ಹೋಟೆಲು ಖಾಲಿ ಕಾಣಬಾರದೆಂದು ಮಾಲೀಕರು ಕೆಲಸದವರನ್ನೇ ಕೂರಿಸುತ್ತಾರೆ, ಹಿಂದಿನ ದಿನ ಮೇಡಂ ಡಬ್ಬಿ ತೆಗೆದು ನೋಡಿದ ಮನೆಯವನೇ ತಾನು, ತಟ್ಟೆ ತೊಳೆಯುವವನು, ಬೇಕಿದ್ದರೆ ಕೈ ನೋಡಿ ಎಂದು ಎರಡೂ ಅಂಗೈ ಮುಂದೆ ಚಾಚಿದ. ನೀರಿನಲ್ಲಿ ನೆನೆದು ನೆನೆದು ಅವು ಬಿರುಕು ಬಿಟ್ಟಿದ್ದವು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಗೊತ್ತು. ಎಲ್ಲಾ ಗೊತ್ತು. ಅದನ್ನೇ ನೋಡೋದಕ್ಕೆ ಬಂದಿದ್ದೆ."

ನೊರೆಯಣ್ಣನಿಗೆ ಹೋದ ಜೀವ ಬಂದಂತಾಯಿತು. ಮಾಲೀಕರು ಮಾತು ಉಳಿಸಿಕೊಂಡಿದ್ದಾರೆ! ಅಂಥ ದೇವರಂಥ ಮನುಷ್ಯನ ಗುಟ್ಟನ್ನು ಬಯಲು ಮಾಡಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು.

"ನಮ್ಮ ಮಾಲೀಕರು ಬಂದಿದ್ರಾ ಮೇಡಂ?"

"ಹನ್ನೆರಡೂವರೆಗೆ ಬಂದಿದ್ರು. ಪಾಪ, ಎಣ್ಣೆ ಹತ್ತಿದ ಹಳೇ ಅಂಗಿ. ಮಾನ ಬಿಟ್ಟು ಇದ್ದದ್ದು ಇದ್ದ ಹಾಗೆ ಹೇಳ್ಕೊಂಡ್ರು. ಗಿರಾಕಿಗಳು ಬರ್ತಾ ಇಲ್ಲ, ಹೋಟ್ಲು ಸಾಲದಲ್ಲಿ ಮುಳುಗಿದೆ, ಹೊರಗಿನವರ ಕಣ್ಣಿಗೆ ಮಣ್ಣೆರಚೋಕೆ ಕೆಲಸದವರನ್ನೇ ಕೂರಿಸಿ ಕೈಯಿಂದ ಊಟ ಹಾಕ್ತೀನಿ ಅಂದ್ರು. ನಾನು ನಂಬಲಿಲ್ಲ. ನೀವೇ ಬಂದು ಕಿಟಕಿ ನೋಡಿ ಅಂದ್ರು. ಬಂದು ನೋಡಿದೆ." ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. "ಖಾಲಿ ಹೋಟ್ಲು. ಕಿಟಕೀಲಿ ನೀವೊಬ್ಬರೇ. ಮೀನಿನ ಮುಳ್ಳು ಮುಂದಿಟ್ಕೊಂಡು, ಸೂಪಿಗೆ ಕಣ್ಣೀರು ಸುರಿಸ್ತಾ ಇದ್ರಿ. ಕೆಲಸದವನೇ ಧಣಿಗೋಸ್ಕರ ಹೀಗೆ ಅಳ್ತಾನೆ ಅಂದ್ರೆ ಆ ಧಣಿ ಕಷ್ಟ ಎಷ್ಟಿರಬೇಕು? ಅಲ್ಲೇ ನಿಂತು ಸೀಟು ಅವರ ಮಗಳ ಹೆಸರಿಗೆ ಬರೆದುಬಿಟ್ಟೆ."

ಗೋಡೆಯ ಗಡಿಯಾರ ಐದು ಹೊಡೆಯಿತು.

"ಮೇಡಂ, ನನ್ನ ಮಗಳು?"

"ನೋಡಿ, ಅರ್ಜೀಲಿ ನಿಮ್ಮ ಮನೆಯವರು ತಟ್ಟೆ ತೊಳೆಯೋ ಕೆಲಸ ಅಂತ ಬರೆದಿದ್ದಾರೆ. ನಾನು ಕಣ್ಣಾರೆ ಕಂಡದ್ದು ನೀವು ತಟ್ಟೆ ಮುಂದೆ ಕೂತಿದ್ದನ್ನ. ಅದಿರಲಿ. ನಿಮಗಾದ್ರೆ ಕೂರಿಸಿ ಊಟ ಹಾಕೋ ಧಣಿ ಇದ್ದಾರೆ. ಅವರಿಗೆ ಯಾರಿದ್ದಾರೆ?" ಮೇಡಂ ಎದ್ದು ಕೊಡೆ ಕೈಗೆತ್ತಿಕೊಂಡರು. "ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ. ಆದರೆ ಇಂಥ ಕೋಟು ಹಾಕ್ಕೊಂಡು ಬರಬೇಡಿ. ಹೊರಗೆ ಕೂತಿರೋರಿಗೆ ಬೇಜಾರಾಗುತ್ತೆ."

ನೊರೆಯಣ್ಣ ಹೋಟೆಲಿಗೆ ಮರಳಿದಾಗ ಅಡುಗೆ ಕೋಣೆಯಲ್ಲಿ ಕೇಕು ಹಂಚುತ್ತಿದ್ದರು. ಮಾಲೀಕರು ಅವನನ್ನು ಕಂಡದ್ದೇ ಬಂದು ತಬ್ಬಿಕೊಂಡರು. ಅವರ ಕಣ್ಣಲ್ಲಿ ನಿಜವಾದ ನೀರಿತ್ತು. ಅವರೇನೂ ಸುಳ್ಳು ಹೇಳಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹೋಟೆಲು ಮುಳುಗಿದ್ದು ನಿಜ, ಮಗಳ ಫೀಸು ಕಟ್ಟದೆ ಹಿಂದಿನ ಶಾಲೆಯಿಂದ ಕಾಗದ ಬಂದದ್ದೂ ನಿಜ. ದಾರಿ ತೋರಿಸಿದವನೇ ನೀನು ಎಂದು ಅವರು ನೊರೆಯಣ್ಣನ ಬೆನ್ನು ಸವರಿದರು. ಅದೂ ನಿಜವೇ ಆಗಿತ್ತು. ನೊರೆಯಣ್ಣನಿಗೆ ಬೈಯಬೇಕೆನಿಸಿತು, ಆದರೆ ಇಷ್ಟು ಪ್ರೀತಿಯಿಂದ ತಬ್ಬಿಕೊಂಡವರನ್ನು ಎಲ್ಲಿಂದ ಬೈಯಲು ಆರಂಭಿಸಬೇಕೋ ತಿಳಿಯಲಿಲ್ಲ.

"ನಿನ್ನ ಮಗಳು ಬೇರೆಯಲ್ಲ, ನನ್ನ ಮಗಳು ಬೇರೆಯಲ್ಲ," ಎಂದರು ಮಾಲೀಕರು. "ನನ್ನ ಮಗಳಿಗೆ ಸಮವಸ್ತ್ರ ಚಿಕ್ಕದಾದ ಕೂಡಲೇ ನಿನ್ನ ಮನೆಗೆ ಬರುತ್ತೆ."

ಬಾಮೈದನ ಕೋಳಿಯ ಬಿಲ್ಲನ್ನು ಸಂಬಳದಲ್ಲಿ ಒಂದೇ ಸಲ ಹಿಡಿಯದೆ ಮೂರು ಕಂತಿನಲ್ಲಿ ಹಿಡಿಯುತ್ತೇನೆ ಎಂದು ಉದಾರವಾಗಿ ಹೇಳಿದರು. ಆಮೇಲೆ ದನಿ ತಗ್ಗಿಸಿದರು. ಆ ಸೀಟು ಸುಮ್ಮನೆ ಉಳಿಯುವುದಲ್ಲವಂತೆ. ಕಷ್ಟ ಇನ್ನೂ ಇದೆಯೋ ಹೋಯಿತೋ ಎಂದು ಮೇಡಂ ತಿಂಗಳಿಗೊಮ್ಮೆ ಬಂದು ಕಿಟಕಿ ನೋಡುತ್ತಾರಂತೆ, ಯಾವ ದಿನ ಎಂದು ಹೇಳುವುದಿಲ್ಲವಂತೆ. ಇವತ್ತು ಕಂಡ ಮುಖವೇ ಅಲ್ಲಿ ಇರಬೇಕು. ಆದ್ದರಿಂದ ನಾಳೆಯಿಂದ ಕಿಟಕಿ ಡ್ಯೂಟಿ ಕಾಯಂ ಆಗಿ ನೊರೆಯಣ್ಣನದು. ತಟ್ಟೆಗಳು ಎಲ್ಲಿಗೂ ಓಡಿಹೋಗುವುದಿಲ್ಲ, ಡ್ಯೂಟಿ ಮುಗಿದ ಮೇಲೆ ತೊಳೆದರಾಯಿತು.

"ಆದರೆ ಸಾರ್, ಅಳ್ತಾ ಕೂತ್ರೆ ಗಿರಾಕಿಗಳು ಬರ್ತಾರಾ?"

ಮಾಲೀಕರು ಅದನ್ನೂ ಯೋಚಿಸಿಟ್ಟಿದ್ದರು. "ಬೀದಿ ಜನ ಬಂದ್ರೆ ನಗು. ಕಪ್ಪು ಕೊಡೆ ಬಂದ್ರೆ ಅಳು. ಅಷ್ಟೇ ತಾನೇ, ಕಷ್ಟ ಏನಿದೆ?"

ಮನೆಯಲ್ಲಿ ನೊರೆಯಣ್ಣ ಹೆಂಡತಿಗೆ ಎಲ್ಲವನ್ನೂ ಹೇಳಿದ. ಗುಟ್ಟು ಕಾಯುವುದಕ್ಕೆ ಈಗ ಗುಟ್ಟೇ ಉಳಿದಿರಲಿಲ್ಲ. ಅವಳು ಮೊದಲು ಸಿಟ್ಟಿನಿಂದ ಕೇಳಿದಳು, ಆಮೇಲೆ ಬೇಸರದಿಂದ ಕೇಳಿದಳು. ಮೀನಿನ ಮುಳ್ಳಿನ ಹತ್ತಿರ ಬರುವಾಗ ನಗಲು ಶುರುಮಾಡಿದವಳು ನಿಲ್ಲಿಸಲಾರದೆ ಗೋಡೆ ಹಿಡಿದುಕೊಂಡಳು. ಮಗಳಿಗೆ ಏನೂ ಅರ್ಥವಾಗದಿದ್ದರೂ ತಾಯಿಯನ್ನು ನೋಡಿ ಅವಳೂ ನಕ್ಕಳು. ಬೆಳಿಗ್ಗೆ ಎತ್ತಿಟ್ಟಿದ್ದ ದೊಡ್ಡ ಚೂರು ಬ್ರೆಡ್ಡನ್ನು ಮೂವರೂ ಹಂಚಿಕೊಂಡು ತಿಂದರು. ಹೆಂಡತಿ ಮೂಟೆಯಿಂದ ಒಂದು ಒಳ್ಳೆಯ ಈರುಳ್ಳಿ ಆರಿಸಿ, ಅರ್ಧಕ್ಕೆ ಕತ್ತರಿಸಿ, ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿದಳು. ಕೊಡೆ ಕಂಡ ತಕ್ಷಣ ಮೂಗಿನ ಹತ್ತಿರ ಹಿಡಿಯಿರಿ ಎಂದಳು.

ಮರುದಿನ ನೊರೆಯಣ್ಣ ಕೋಟು ತೊಟ್ಟು, ಎರಡು ಆಲೂಗಡ್ಡೆಯ ಮುಂದೆ ಕೂತು, ಬೀದಿಯ ಕಡೆ ತಿರುಗಿ ತೃಪ್ತಿಯಿಂದ ನಗುವುದಕ್ಕೂ ಹೊರಗೆ ಧೋ ಎಂದು ಮಳೆ ಸುರಿಯುವುದಕ್ಕೂ ಸರಿಹೋಯಿತು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ನೂರಾರು ಜನ, ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಕಪ್ಪು ಕೊಡೆ. ನೊರೆಯಣ್ಣ ಜೇಬಿಗೆ ಕೈ ಹಾಕಿದ.